ಕೆಂಪಾದ ಉಪ್ಪುನೀರು

ಈಗ ಅದಕ್ಕೆ ನ್ಯಾನೋ ಕಣ ಅಂತ ದೊಡ್ಡ ಹೆಸರಿದೆ. ಎಂಬತ್ತರ ದಶಕದಲ್ಲಿ, ರಾಜಾಜಿನಗರದ ಶೀಟು ಹೊದಿಸಿದ ಲ್ಯಾಬಿನಲ್ಲಿ, ನಾವು ಕರೀ ನೀರು ಎನ್ನುತ್ತಿದ್ದೆವು. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು, ಒಂದಕ್ಕೊಂದು ಅಂಟದಂತೆ ಮೇಲೆ ಸಕ್ಕರೆ ಜಾತಿಯ ಲೇಪ. ಔಷಧವನ್ನು ಅವುಗಳ ಬೆನ್ನಿಗೆ ಕಟ್ಟಿ ರಕ್ತಕ್ಕೆ ಬಿಟ್ಟು, ಹೊರಗಿನಿಂದ ಅಯಸ್ಕಾಂತ ಹಿಡಿದು ಕ್ಯಾನ್ಸರ್ ಗಡ್ಡೆಯ ಹತ್ತಿರವೇ ನಿಲ್ಲಿಸಬೇಕೆಂದು ಲ್ಯಾಬು ನಡೆಸುತ್ತಿದ್ದ ಮೇಡಂ ಮೂರು ವರ್ಷದಿಂದ ಒದ್ದಾಡುತ್ತಿದ್ದರು. ನಾನು ಅವರ ಸಹಾಯಕಿ. ಕೆಲಸಕ್ಕಿಂತ ಜಂಬ ಒಂದು ಕೈ ಜಾಸ್ತಿ.

ಅವತ್ತು ರಕ್ತದ ಪರೀಕ್ಷೆ. ಪಾಸಾದರೆ ಸಂಜೆಯೇ ಕರೀ ನೀರಿನ ಬಾಟಲಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿನ ಡಾಕ್ಟರು ಮೊಲಗಳನ್ನು ಸಿದ್ಧಮಾಡಿಕೊಂಡು ಕಾಯುತ್ತಿದ್ದರು. ನನ್ನ ತೋಳಿನಿಂದಲೇ ರಕ್ತ ತೆಗೆದು ಆರು ಟ್ಯೂಬಿಗೆ ಹಾಕಿದೆವು. ಐದಕ್ಕೆ ಕರೀ ನೀರು, ಹೋಲಿಸಿ ನೋಡಲು ಆರನೆಯದಕ್ಕೆ ಬರೀ ಉಪ್ಪುನೀರು. ಒಂದು ಗಂಟೆ ಬಿಟ್ಟು, ಹಳೇ ಸ್ಪೀಕರಿನ ಅಯಸ್ಕಾಂತದಿಂದ ಕಬ್ಬಿಣವನ್ನು ಪಕ್ಕಕ್ಕೆ ಎಳೆದು, ಯಂತ್ರದಲ್ಲಿ ಗಿರಗಿರ ತಿರುಗಿಸಬೇಕು. ಮೇಲಿನ ನೀರು ತಿಳಿಯಾಗಿದ್ದರೆ ರಕ್ತಕಣಗಳು ಕ್ಷೇಮ, ಕೆಂಪಾದರೆ ಒಡೆದಿವೆ ಎಂದರ್ಥ.

ಆರೂ ಕೆಂಪು. ಉಪ್ಪುನೀರಿನದೂ. ಬರೀ ಉಪ್ಪುನೀರಿಗೆ ರಕ್ತ ಒಡೆಯಬಾರದು, ಟ್ಯೂಬಿನಲ್ಲೇ ಏನೋ ಇರಬೇಕು.

ಮೇಡಂ ಬಾಗಿಲ ಕಡೆ ತಿರುಗಿದರು. ಕುರುಬರಹಳ್ಳಿಯಿಂದ ನಡೆದುಕೊಂಡು ಬಂದು ಲ್ಯಾಬು ಗುಡಿಸಿ, ಗಾಜಿನ ಸಾಮಾನು ತೊಳೆಯುತ್ತಿದ್ದ ಆಯಮ್ಮ ಅಲ್ಲಿದ್ದರು.

"ಟ್ಯೂಬಿಗೆ ಸೋಪು ಹಾಕ್ಬೇಡಿ ಅಂತ ಎಷ್ಟ್ ಸಲ ಹೇಳಿದೀನಿ? ಚೂರು ಉಳಿದ್ರೂ ರಕ್ತ ಒಡ್ದೋಗತ್ತೆ!"

"ನಾನು ಮುಟ್ಟಿಲ್ಲ ಕಣಮ್ಮ," ಎಂದು ಆಯಮ್ಮ ತಲೆ ತಗ್ಗಿಸಿದರು.

ಹಿಂದಿನ ವಾರ ಆಯುಧಪೂಜೆಗೆ ಲ್ಯಾಬೆಲ್ಲ ಫಳಫಳ ಹೊಳೆಯಲಿ ಎಂದು ಟ್ಯೂಬುಗಳನ್ನೂ ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿದ್ದವಳು ನಾನೇ. ಪೂಜೆಗೆ ಹೊತ್ತಾಯಿತೆಂದು ಎರಡೇ ಸಲ ಜಾಲಿಸಿ, ಸ್ಟ್ಯಾಂಡಿಗೆ ಕುಂಕುಮ ಬೇರೆ ಇಟ್ಟಿದ್ದೆ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಮೇಡಂ ಬೈದು ಮುಗಿಸುವವರೆಗೂ ಬಾಯಿ ಬಿಡಲಿಲ್ಲ.

"ಅವ್ರಲ್ಲ ಮೇಡಂ, ನಾನು. ಹಬ್ಬಕ್ಕೆ ಅಂತ ಸೋಪ್ ಹಾಕ್ದೆ."

ಉಗಿಸಿಕೊಳ್ಳಲು ತಯಾರಾಗಿದ್ದೆ. ಮೇಡಂ ಮುಖ ಅರಳಿತು!

"ಹಾಗಾದ್ರೆ ನಮ್ ಕರೀ ನೀರಿನ ತಪ್ಪಲ್ವೇನೋ ಕಣೇ. ಹೊಸಾ ಟ್ಯೂಬ್ ತೆಗಿ, ನಡಿ."

ಇನ್ನೊಂದು ತೋಳು ಚಾಚಿದೆ. ಮತ್ತೆ ಒಂದು ಗಂಟೆ. ಮೇಡಂ ಕೂರಲಿಲ್ಲ, ನಾನು ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ಯಂತ್ರ ನಿಂತಾಗ ಮುಚ್ಚಳ ತೆಗೆಯಲು ನನ್ನ ಕೈ ಬರಲಿಲ್ಲ, ಅವರೇ ತೆಗೆದರು.

ಉಪ್ಪುನೀರು ತಿಳಿಯಾಗಿತ್ತು. ಉಳಿದ ಐದೂ ಕೆಂಪು.

"ಇನ್ನೊಂದ್ಸಲ ನೋಡೋಣ ಮೇಡಂ," ಎಂದೆ. ಅಳು ಬರುತ್ತಿತ್ತು.

"ಬೇಡ. ಬೆಳಗ್ಗೆದು ನಿನ್ ತಪ್ಪು. ಇದು ನಂದು."

ಫೋನ್ ಎತ್ತಿಕೊಂಡು ಡಾಕ್ಟರಿಗೆ ಹೇಳಿದರು: "ಬಾಟ್ಲಿ ಕಳಿಸ್ತಾ ಇಲ್ಲ ಸಾರ್. ಲೇಪ ಮೊದಲಿಂದ ಮಾಡ್ಬೇಕು." ಫೋನ್ ಇಟ್ಟು ನೇರ ಆಯಮ್ಮನ ಹತ್ತಿರ ಹೋಗಿ, "ತಪ್ಪಾಯ್ತು ಕಣಮ್ಮ, ಸುಮ್ಸುಮ್ನೆ ಬೈದ್ಬಿಟ್ಟೆ" ಎಂದರು.

ನಾನು ಆಯಮ್ಮನಿಗೆ ಇನ್ನೂ ತಪ್ಪಾಯ್ತು ಅಂದಿರಲಿಲ್ಲ.