ಚೆಂಡು ಕಸಿದ ಕಂಪ್ಯೂಟರೂ ಖಳನಾಯಕ ಅಪ್ಪಾಜಿಯೂ

ಇಂದು ಮಗಳು ಮೊಬೈಲಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು. ಕಂಪ್ಯೂಟರಿನ ಆಟಗಾರ ಚೆಂಡು ಕಸಿದು ಓಡಿದ. ಇವಳ ಪಡೆಯೆಲ್ಲ ಅವನ ಬೆನ್ನ ಹಿಂದೆ! ಅಷ್ಟೇ, ನಾನು ಚಿಕ್ಕಂದಿನ ದಿನಗಳಿಗೆ, ಆವರಗೆರೆಯ ನಮ್ಮ ಪಡಸಾಲೆಗೆ ಹೋಗಿಬಿಟ್ಟೆ.

ಗೆಳೆಯನಿಂದ ಒಂದು ದಿನಕ್ಕೆಂದು ತಂದ ಬಾಸ್ಕೆಟ್‌ಬಾಲ್ ವಿಡಿಯೊ ಗೇಮ್ ಕ್ಯಾಸೆಟ್, ಸಂಜೆಗೆ ಹಿಂದಿರುಗಿಸಬೇಕು. ಬೆಳಗಿನಿಂದ ನಾನೂ ಅಕ್ಕನೂ ಒಟ್ಟಾಗಿ ಆಡಿದರೂ ಕಂಪ್ಯೂಟರನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಕೊನೆಯ ಆಟದಲ್ಲಿ, ಆಹಾ, ಒಂದು ಅಂಕ ಮುಂದಿದ್ದೆವು! ಇನ್ನೇನು ಮುಗಿಯಬೇಕು, ಕಂಪ್ಯೂಟರ್ ಚೆಂಡು ಕಸಿಯಿತು. ಅಕ್ಕ ಗಾಬರಿಯಿಂದ ಆಟವನ್ನು ಇದ್ದಲ್ಲೇ ತಡೆದು ನಿಲ್ಲಿಸುವ ಗುಂಡಿ ಒತ್ತಿದಳು.

ಹರಿಹರದಲ್ಲಿ ನಾಟಕ ಮುಗಿಸಿ ಬಂದು ಮೀಸೆಯ ಅಂಟು ಕೆರೆಯುತ್ತಿದ್ದ ಅಪ್ಪಾಜಿ ಗುಡುಗಿದರು. ಅವರದು ಯಾವಾಗಲೂ ಖಳನಾಯಕನ ಪಾತ್ರ.

"ಎಲ್ರೂ ಅವನ ಹಿಂದ ಹೊಂಟೀರಲ್ಲ, ಮೆರವಣಿಗೇನ್ರೋ ಅದು? ಅವ ಎಲ್ಲಿಗೆ ಹೋಗ್ಬೇಕು?"

"ನಮ್ಮ ಬುಟ್ಟಿಗೆ, ಅಪ್ಪಾಜಿ."

"ಅಲ್ಲೇ ಹೋಗಿ ನಿಲ್ರಿ! ನಾಯಕ ತಪ್ಪಿಸ್ಕೊಂಡ್ರೆ ನಾನು ಸ್ಟೇಜ್ ತುಂಬಾ ಓಡ್ತೀನೇನು? ಅವ ಹೊರಗೆ ಹೋಗೋ ಪರದೆ ಹತ್ರ ಮೊದ್ಲೇ ನಿಂತಿರ್ತೀನಿ."

ಅಕ್ಕ ಆಟ ಮತ್ತೆ ಶುರುಮಾಡಿ, ಓಡುವವನನ್ನು ಅವನ ಪಾಡಿಗೆ ಬಿಟ್ಟಳು. ಹಿಂದೆ ಉಳಿದಿದ್ದ ನಮ್ಮ ಎತ್ತರದ ಆಟಗಾರನನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ ಕೈ ಎತ್ತಿಸಿದಳು. ಕಂಪ್ಯೂಟರ್ ನೇರ ಬಂದು ಜಿಗಿಯಿತು. ಚೆಂಡು ಆ ಕೈಗೆ ಬಡಿದು ಹೊರಗೆ! ಸಮಯ ಮುಗಿಯಿತು, ಗೆದ್ದೆವು!

"ಅವ ನೆಟ್ಟಗೆ ಬರ್ತಾನಂತ ನಿಮಗೆ ಹೆಂಗೆ ಗೊತ್ತಾತು, ಅಪ್ಪಾಜಿ?" ಎಂದು ಕೇಳಿದೆ.

"ಯಾರೋ ಬರೆದಿಟ್ಟ ಪಾತ್ರ ಐತಲ್ಲೋ ಅದು. ಬರೆದಂಗೆ ಬರ್ತೈತೆ."

ಇಂದು ಮಗಳಿಗೂ "ಬುಟ್ಟಿ ಹತ್ರ ಹೋಗಿ ನಿಲ್ಲು!" ಎಂದು ಗುಡುಗಿದೆ.

"ಮೆಲ್ಲಗೆ ಹೇಳಪ್ಪ, ಕಂಪ್ಯೂಟರಿಗೆ ಕೇಳ್ತೈತೆ" ಎಂದಳು. ಕಣ್ಣು ಮಾತ್ರ ಬುಟ್ಟಿಯ ಮೇಲಿತ್ತು.