ಗುಂಡುಸೂಜಿ ವ್ರತ

ನನ್ನ ಅಂಗಡಿಗೆ ಬರುವ ಹೆಂಗಸರಲ್ಲಿ ಅರ್ಧ ಮಂದಿ ಬ್ಲೌಸಿಗೆ ಬರುತ್ತಾರೆ, ಉಳಿದರ್ಧ ಸುದ್ದಿಗೆ. ಎರಡರಲ್ಲಿ ನನಗೆ ಯಾವುದು ಚೆನ್ನಾಗಿ ಬರುತ್ತದೆ ಎಂದು ಕೇಳಬೇಡಿ. ನಂಜನಗೂಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಹೊಲಿಯುತ್ತಿದ್ದೇನೆ. ತೋಳು ಬಿಗಿಯಾಯಿತೆಂದು ಬೈದವರಿದ್ದಾರೆ, ಸುದ್ದಿ ಸಪ್ಪೆಯಾಯಿತೆಂದು ಯಾರೂ ದೂರಿಲ್ಲ.

ಈ ವರ್ಷ ಬೂದಿ ಬುಧವಾರ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವಾಗ ಒಂದು ನಿರ್ಧಾರ ಮಾಡಿದೆ. ಪಾಸ್ಕ ಹಬ್ಬದವರೆಗಿನ ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಡುವುದು ನನಗೇನೂ ದೊಡ್ಡದಲ್ಲ, ಡಾಕ್ಟರು ಅದನ್ನು ಬಿಡಿಸಿ ಎರಡು ವರ್ಷವಾಯಿತು. ಹಾಗಾಗಿ ಎದುರಿಗಿಲ್ಲದವರ ಮಾತನ್ನೇ ಆಡುವುದಿಲ್ಲ ಎಂದು ವ್ರತ ಹಿಡಿದೆ. ಉಪವಾಸವನ್ನು ಡಂಗುರ ಸಾರಬಾರದೆಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು, ಯಾರಿಗೂ ಹೇಳಲಿಲ್ಲ. ಯಾರಾದರೂ ಸುದ್ದಿ ತೆಗೆದರೆ ನಾಲ್ಕು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದೆ. ಮೂರು ವಾರ ಹೀಗೆ ದಾಟಿದಾಗ ನನ್ನ ಬಗ್ಗೆ ನನಗೇ ಸಣ್ಣ ಹೆಮ್ಮೆಯೂ ಬಂತು.

ಆಗ ಒಂದು ಮಧ್ಯಾಹ್ನ ಟಿ. ನರಸೀಪುರದ ಕಡೆಯ ಹೆಂಗಸೊಬ್ಬರು ಬ್ಲೌಸ್ ಪೀಸ್ ಹಿಡಿದು ಬಂದರು. ಅಳತೆ ಕೊಡುವ ಮೊದಲೇ ವಿಷಯಕ್ಕೆ ಬಂದರು: ಮಗನಿಗೆ ನಮ್ಮ ಬೀದಿಯ ಸೆಲಿನ್‌ಳನ್ನು ಕೇಳಬೇಕೆಂದಿದ್ದಾರೆ.

"ಎಣ್ಣು ಎಂಗೆ ಅಕ್ಕಾ? ನಿಮಗೆ ಗೊತ್ತಿಲ್ದೆ ಇರುತ್ತಾ?"

ಸೂಜಿ ಕಚ್ಚಿಕೊಂಡೇ, "ಬೇರೆಯವರ ವಿಷಯ ನಾನು ಮಾತಾಡಲ್ಲ ಕಣಮ್ಮ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಓ, ಅಂಗಾ" ಎಂದರು. ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು, ನಾಲ್ಕು ಗಂಟೆ ಬಸ್ಸಿದೆ ಎಂದು ಹೊರಟೇಬಿಟ್ಟರು.

ಹತ್ತು ಹೊಲಿಗೆ ಹಾಕುವಷ್ಟರಲ್ಲಿ ಹೊಳೆದು ಮಿಶಿನ್ ನಿಲ್ಲಿಸಿದೆ. ಬಾಯಿ ಬಿಡುವುದಕ್ಕೇ ಹೆಸರಾದ ಟೈಲರಕ್ಕ ಒಂದು ಹೆಣ್ಣಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಳೆಂದರೆ ಕೇಳಿದವರು ಏನು ತಿಳಿಯಬೇಕು? ಇದಕ್ಕಿಂತ ಕೆಟ್ಟ ಸುದ್ದಿಯನ್ನು ನಾನು ಜೀವಮಾನದಲ್ಲಿ ಹರಡಿರಲಿಲ್ಲ. ಅದೂ ಸೆಲಿನ್ ಮೇಲೆ. ತಂದೆ ಲಕ್ವ ಹೊಡೆದು ಮಲಗಿದ್ದಾರೆಂದು ಬಂದ ಎರಡು ಸಂಬಂಧ ಆಗಲೇ ಹಿಂದೆ ಹೋಗಿದ್ದವು. ಇನ್ನೊಂದು ತಪ್ಪಿದರೆ ಮದುವೆಯ ಮಾತೇ ಎತ್ತಬೇಡ ಎಂದು ಅವಳು ತಾಯಿಗೆ ಹೇಳಿದ್ದಳು.

ಅಂಗಡಿ ಬಾಗಿಲನ್ನೂ ಹಾಕದೆ ಓಡಿದೆ. ಕೊರಳಲ್ಲಿ ಟೇಪು, ಕಾಲಿಗೆ ಒಂದೊಂದು ತರದ ಚಪ್ಪಲಿ. ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಸ್ಟಾರ್ಟ್ ಆಗಿ ನಿಂತಿತ್ತು. ನಾನು ಹತ್ತಿ ಅವರ ಸೀಟಿನ ಹತ್ತಿರ ಹೋಗುವಷ್ಟರಲ್ಲಿ ಹೊರಟೇಬಿಟ್ಟಿತು. ಕಂಡಕ್ಟರು ಆಧಾರ್ ಕೇಳಿದ. ಆಧಾರೂ ಪರ್ಸೂ ಅಂಗಡಿಯಲ್ಲಿ.

"ಅಂಗಾರೆ ಮುಂದ್ಲ ಸ್ಟಾಪಲ್ಲಿ ಇಳ್ಕೊಳಿ" ಎಂದ.

ಇದ್ದದ್ದು ಒಂದು ಸ್ಟಾಪಿನಷ್ಟು ಸಮಯ. ಮಾತಿನಲ್ಲಿ ಸೋತವಳಲ್ಲ ನಾನು, ಆದರೆ ಬಾಯಿ ತೆರೆದರೆ ಮಾತೇ ಬರಲಿಲ್ಲ. ಜನರ ಕುಂದು ಹೇಳಿ ಇಪ್ಪತ್ತೆಂಟು ವರ್ಷದ ಅಭ್ಯಾಸವಿತ್ತು. ಗುಣ ಹೇಳಿ ಅಭ್ಯಾಸವಿರಲಿಲ್ಲ. ನಾಚಿಕೆಯಾಯಿತು.

ಕೊನೆಗೆ, "ನಂಗೆ ಚಿಕೂನ್‌ಗುನ್ಯಾ ಬಂದಾಗ ಒಂಬತ್ತು ದಿನ ಗಂಜಿ ಕುಡಿಸಿ ತಲೆ ಬಾಚಿದೋಳು ಆ ಸೆಲಿನ್ನೇ ಕಣಮ್ಮ. ನನ್ನ ಸೊಸೆ ಬರೀ ಫೋನಲ್ಲಿ ವಿಚಾರಿಸಿದ್ದಷ್ಟೇ" ಎಂದೆ. ಒಂದೇ ಉಸಿರಿಗೆ ವ್ರತ ಎರಡು ಸಲ ಮುರಿಯಿತು.

"ಮತ್ತೆ ಆಗ್ಲೇ ಯಾಕೆ ಯೋಳ್ನಿಲ್ಲ?"

"ತಪಸ್ಸುಕಾಲ ಅಲ್ವಾ, ಯಾರ ಮಾತೂ ಆಡಲ್ಲ ಅಂತ ವ್ರತ ಹಿಡಿದಿದ್ದೆ."

ಅವರು ನಗಲಿಲ್ಲ. "ಒಳ್ಳೇದ್ನೂ ಯೋಳ್ಬ್ಯಾಡ ಅಂತ ಯಾರು ಯೋಳುದ್ರಕ್ಕಾ?" ಎಂದರು. ಬಸ್ಸು ನಿಂತಿತು. ಚೀಲದಿಂದ ಆ ಬಟ್ಟೆ ತೆಗೆದು ನನ್ನ ಕೈಗಿಟ್ಟರು.

"ಅಳತೆ?" ಎಂದೆ.

"ಪಾಸ್ಕ ಆದ್ಮ್ಯಾಲೆ ಎಣ್ಣು ನೋಡಾಕೆ ಬತ್ತೀವಲ್ಲ, ಆಗ ತಕ್ಕೊಳಿ."

ಆ ಶನಿವಾರ ಪಾಪನಿವೇದನೆಗೆ ಹೋಗಿ ವ್ರತ ಮುರಿದದ್ದನ್ನು ಒಪ್ಪಿಕೊಂಡೆ. ಪಾಸ್ಕದವರೆಗೆ ದಿನಕ್ಕೊಬ್ಬರ ಬಗ್ಗೆ, ಅವರಿಲ್ಲದಾಗ, ಒಂದು ಒಳ್ಳೆಯ ಮಾತಾಡಬೇಕು, ಅದು ನಿಜವೂ ಆಗಿರಬೇಕು ಎಂದು ಗುರುಗಳು ಪ್ರಾಯಶ್ಚಿತ್ತ ಕೊಟ್ಟರು. ಇದಕ್ಕಿಂತ ಸೂಜಿ ಕಚ್ಚಿಕೊಳ್ಳುವುದೇ ಸುಲಭವಿತ್ತು. ಇವತ್ತು ಸೊಸೆಯ ಸರದಿ. ಬೆಳಿಗ್ಗೆಯಿಂದ ಮಿಶಿನ್ ತುಳಿಯುತ್ತಾ ಹುಡುಕಿದೆ, ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು: ಆ ಒಂಬತ್ತು ದಿನದಲ್ಲಿ ಒಂದು ದಿನವೂ ಅವಳು ಫೋನ್ ಮಾಡುವುದನ್ನು ತಪ್ಪಿಸಿರಲಿಲ್ಲ.