ನನಗಿಂತ ಮೊದಲು ಬಂದುಹೋದವನು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಮೊದಲು ನಗುತ್ತಿದ್ದವನು ನಾನೇ. ನಾನು ಭೂಮಾಪಕ. ಹೊಲ ಅಳೆಯುವುದು, ಗಡಿಕಲ್ಲು ಹುಡುಕುವುದು ನನ್ನ ಕೆಲಸ. ಕಲ್ಲು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇವೆರಡರ ನಡುವೆ ಮೂರನೆಯದೊಂದು ಇರಬಹುದೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ.

ಚಾಮರಾಜನಗರದ ಕಡೆಯವನಾದ ನನಗೆ ಹುಮನಾಬಾದಿಗೆ ವರ್ಗವಾದಾಗ ಪರದೇಶಕ್ಕೆ ಹೊರಟಷ್ಟೇ ದಿಗಿಲಾಗಿತ್ತು. ಅಲ್ಲಿಯದೂ ಕನ್ನಡವೇ, ಆದರೆ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಅಂಗಡಿಯವನು ನಡುನಡುವೆ ಉರ್ದು, ಮರಾಠಿ ಸೇರಿಸಿದರೆ ಪಿಳಿಪಿಳಿ ಕಣ್ಣು ಬಿಡುತ್ತ ನಿಲ್ಲುತ್ತಿದ್ದೆ. ಹೆಂಡತಿ, ಮಗಳು ಊರಲ್ಲೇ ಉಳಿದಿದ್ದರು. ಬೇಗ ವಾಪಸ್ ವರ್ಗ ಮಾಡಿಸಿಕೊಂಡು ಬರುತ್ತೇನೆ ಎಂದು ನಾನು, ನಾವೇ ಅಲ್ಲಿಗೆ ಬಂದುಬಿಡುತ್ತೇವೆ ಎಂದು ಅವಳು. ಅಷ್ಟರಲ್ಲಿ ಅವಳ ಅಣ್ಣ ತಾಯಿ ಮಗಳಿಬ್ಬರನ್ನೂ ಮೈಸೂರಿನ ತನ್ನ ಮನೆಯಲ್ಲಿಟ್ಟುಕೊಂಡು ಮಗುವನ್ನು ಅಲ್ಲೇ ಶಾಲೆಗೆ ಸೇರಿಸುತ್ತೇನೆ ಎಂದ. ಒಮ್ಮೆ ಹಾಗೆ ಹೋದರೆ ನಾವು ಮತ್ತೆ ಒಂದು ಸೂರಿನಡಿ ಸೇರುವುದು ಕಷ್ಟವೆಂದು ಇಬ್ಬರಿಗೂ ಗೊತ್ತಿತ್ತು. "ಬಾ ಅನ್ನಿ, ಇಲ್ಲ ಬ್ಯಾಡ ಅನ್ನಿ. ನಡುವೆ ನೇತಾಕಬೇಡಿ. ಅಮಾವಾಸೆ ದಿನ ಸಂಜೆ ಅಣ್ಣನಿಗೆ ಹೇಳ್ಬೇಕು," ಎಂದಳು ಫೋನಿನಲ್ಲಿ.

ಬಾ ಎನ್ನಲು ಧೈರ್ಯವಿಲ್ಲ, ಬೇಡ ಎನ್ನಲು ಮನಸ್ಸಿಲ್ಲ. ರಜೆಯ ದಿನ ಕೋಣೆಯಲ್ಲಿ ಕೂತರೆ ಗೋಡೆಗಳೇ ಮೈಮೇಲೆ ಬಂದಂತಾಗುತ್ತಿತ್ತು. ಹೊಸ ಊರು ನೋಡುತ್ತೇನೆಂಬ ನೆಪ ಮಾಡಿಕೊಂಡು ಬೈಕು ಹತ್ತುತ್ತಿದ್ದೆ. ನೋಡುತ್ತಿದ್ದೆನೇ? ಅದೂ ಇಲ್ಲ. ಜಲಸಂಗಿಯ ಗುಡಿಗೆ ಒಂದು ಸುತ್ತು ಹಾಕಿ, ಆ ಚೆಂದದ ಶಿಲ್ಪಗಳ ಮುಂದೆಯೇ ಗಡಿಯಾರ ನೋಡಿಕೊಂಡು ಹೊರಟವನು ನಾನು. ಕಾಲಿಗೆ ಚಕ್ರ ಕಟ್ಟಿಕೊಂಡವನಿಗೆ ಯಾವ ಗುಡಿಯಾದರೇನು.

ಎಳ್ಳಮಾವಾಸ್ಯೆಯ ಬೆಳಿಗ್ಗೆಯೂ ಹಾಗೆಯೇ ಬಸವಕಲ್ಯಾಣದ ಕೋಟೆ ನೋಡಲು ಹೊರಟೆ. ಹಬ್ಬವೆಂದು ಗೊತ್ತಿತ್ತು. ಆದರೆ ನಮ್ಮ ಕಡೆ ಹಬ್ಬವೆಂದರೆ ಜನ ಮನೆಗೆ ಬರುತ್ತಾರೆ. ಇಲ್ಲಿಯವರು ಮನೆಗೆ ಬೀಗ ಜಡಿದು ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಅದು ನನಗೆ ಯಾರೂ ಹೇಳಿರಲಿಲ್ಲ. ದಾರಿಯ ಊರುಗಳೆಲ್ಲ ಬಿಕೋ ಎನ್ನುತ್ತಿದ್ದವು. ಬಸವಕಲ್ಯಾಣದ ಪೇಟೆಯಲ್ಲಿ ಒಂದು ಲೋಟ ಚಹಾ ಕೂಡ ಸಿಗಲಿಲ್ಲ. ಸುಮ್ಮನೆ ನಿಂತ ಬೀದಿಗಳನ್ನು ಕಂಡು ನನ್ನ ತಳಮಳ ಇನ್ನೂ ಹೆಚ್ಚಿತು.

ಕೋಟೆಯ ಬಾಗಿಲ ಬಳಿ ಒಬ್ಬ ಮುದುಕರು ಬಿಸಿಲಿಗೆ ಬೆನ್ನೊಡ್ಡಿ ಕೂತಿದ್ದರು. ನನ್ನನ್ನು ಕಂಡು, "ಮತ್ತ ಬಂದ್ರೇನ್ ಸಾಬ್? ಈಗರ ಎಲ್ಲಾ ನೋಡ್ಕೊಂಡು ಹೋದ್ರಿ. ಏನರ ಬಿಟ್ಟೀರೇನು?" ಎಂದರು. ನಾನು ಈಗಷ್ಟೇ ಬರುತ್ತಿದ್ದೇನೆ ಎಂದರೆ ನಕ್ಕು ಒಳಗೆ ಕೈ ತೋರಿಸಿದರು. ವಯಸ್ಸಾದ ಕಣ್ಣು, ಯಾರನ್ನೋ ಕಂಡಿರಬೇಕು ಎಂದುಕೊಂಡೆ. ಹೊರಗೆ ಬರುವಾಗ ಅವರೇ ಮಾತು ಮುಂದುವರಿಸಿ, ಬೆಳಿಗ್ಗೆ ನಾನು ಅವರ ಪಕ್ಕದಲ್ಲೇ ಕೂತು ಬಹಳ ಹೊತ್ತು ಹರಟಿದೆನೆಂದೂ, ಹಬ್ಬದ ಊಟಕ್ಕೆ ದೋಸ್ತನ ಹೊಲಕ್ಕೆ ಹೊರಡುವುದು ತಮಗೆ ಅದರಿಂದಲೇ ತಡವಾಯಿತೆಂದೂ ಹೇಳಿದರು. ಹರಟೆ ಹೊಡೆಯುವ ಜಾತಿಯೇ ನನ್ನದಲ್ಲ. ಹಾಗಾಗಿ ಅದು ನಾನಲ್ಲವೆಂದು ಖಾತ್ರಿಯಾಗಿ ಸಮಾಧಾನದಿಂದ ಬೈಕು ಹತ್ತಿದೆ.

ಮರಳುವಾಗ ರಾಜೇಶ್ವರದ ಹತ್ತಿರ ಹಸಿವು ತಾಳಲಾಗಲಿಲ್ಲ. ರಸ್ತೆಯ ಬದಿಯ ಹೊಲವೊಂದರಲ್ಲಿ ಜೋಳದ ದಂಟಿನ ಗುಡಿಸಲು, ಅದರೊಳಗೆ ಪೂಜೆಗಿಟ್ಟ, ಸುಣ್ಣ ಬಳಿದ ಐದು ಕಲ್ಲು, ಮುಂದೆ ಉಂಡು ಕೂತ ಒಂದು ಕುಟುಂಬ. ಆ ದಿನ ಹೊಲದ ಬದಿ ಹಾದುಹೋಗುವ ಯಾರನ್ನೂ ಉಣ್ಣಿಸದೆ ಬಿಡುವುದಿಲ್ಲವೆಂಬ ಪದ್ಧತಿ ನನಗೆ ತಿಳಿದದ್ದು ಆಮೇಲೆ. ನೀರು ಕೇಳೋಣವೆಂದು ಬೈಕು ನಿಲ್ಲಿಸಿದೆ. ಆ ಮನೆಯ ಹಿರಿಯಳು ಕಾಶೆಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಮತ್ತ ಹಸಿವಾಯ್ತೇನಪಾ?" ಎಂದು ನಕ್ಕಳು. ಮಗ, ಸೊಸೆ ಕೂಡ ಗುರುತಿನವರಂತೆ ನಕ್ಕರು.

ನಾನು ನಗಲಿಲ್ಲ. ಇಲ್ಲಿಗೆ ಬಂದದ್ದು ಇದೇ ಮೊದಲು ಎಂದೆ. ಸೊಸೆ ಗುಡಿಸಲಿನ ಪಕ್ಕದ ಒಂದು ತಟ್ಟೆ ತೋರಿಸಿದಳು. ಅದರ ಅಂಚಿಗೆ ಹಸಿಮೆಣಸಿನಕಾಯಿಗಳನ್ನು ಒಂದೊಂದಾಗಿ ಆರಿಸಿ ಸಾಲಾಗಿ ಇಟ್ಟಿತ್ತು. ಎಲ್ಲ ಕಾಳು, ಸೊಪ್ಪು ಬೇಯಿಸಿದ ಆ ಹಬ್ಬದ ಭಜ್ಜಿಯಲ್ಲಿ ಮೆಣಸಿನಕಾಯಿ ತಿನ್ನದೆ ಬಿಡುವ ಜನ ಆ ಸೀಮೆಯಲ್ಲಿಲ್ಲ. ಮೆಣಸಿನಕಾಯಿಯನ್ನು ಹೀಗೆ ಅಂಚಿಗೆ ಸಾಲು ಕಟ್ಟಿಸುವುದು ನನ್ನ ಚಿಕ್ಕಂದಿನ ಚಾಳಿ. ಅದಕ್ಕೆ ಹೆಂಡತಿ ಇಂದಿಗೂ ಗೇಲಿ ಮಾಡುತ್ತಾಳೆ. ಹೆದರಿಕೆಯಾಯಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಹೊರಡುತ್ತೇನೆ ಎಂದರೆ ಮುದುಕಿ ಬಿಡಲಿಲ್ಲ. "ಆಗ ಸಾವಕಾಶ ಕುಂತು ಉಂಡ್ರಿ. ಈಗ ಯಾಕ ನಿಂತಲ್ಲೇ ಹೊಂಟೀರಿ? ಚುಕ್ಕಿಗಂತ ಸಜ್ಜಿ ರೊಟ್ಟಿ ಕಟ್ಟಿಸ್ಕೊಂಡ್ರಿ. ಬರೂ ವರ್ಷ ಹೇಣ್ತಿ, ಮಗಳನ್ನ ಕರ್ಕೊಂಡು ಇದೇ ಹೊಲಕ್ಕ ಬರ್ತೀನಂತ ಮಾತು ಕೊಟ್ರಿ. ಮರ್ತ್ರೇನು?"

ಚುಕ್ಕಿ ನನ್ನ ಮಗಳನ್ನು ಮನೆಯಲ್ಲಿ ಕರೆಯುವ ಹೆಸರು. ಆ ಸೀಮೆಯಲ್ಲಿ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಫೋನಿನಲ್ಲಿ ಕರೆದದ್ದನ್ನು ಹುಮನಾಬಾದಿನ ಪಕ್ಕದ ಕೋಣೆಯವರು ಕೇಳಿರಬಹುದು, ಆದರೆ ಅವರಿಗೂ ಈ ಮುದುಕಿಗೂ ಎತ್ತಣಿಂದೆತ್ತ ಸಂಬಂಧ. ಬಂದವನು ಹೇಗಿದ್ದ ಎಂದು ಮಗನನ್ನು ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವೇ ಇದ್ರಲ್ರಿ. ಖರೇ ಅಂದ್ರ ಆಗ ಮುಖದಾಗ ಸಮಾಧಾನ ಇತ್ತು ನೋಡ್ರಿ," ಎಂದ.

ನಾನು ಕೂತೆ. ಇನ್ನೇನು ಮಾಡಲಿ? ಅಂಬಲಿ ಕುಡಿದೆ, ಸಜ್ಜೆ ರೊಟ್ಟಿ, ಭಜ್ಜಿ ಉಂಡೆ. ಮೆಣಸಿನಕಾಯಿಯನ್ನು ಬೇಕೆಂದೇ ಅಗಿದು ನುಂಗಿದೆ, ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೆ ಮಾತ್ರ ಬಂದದ್ದಲ್ಲ. ನಾನು ಆಡಲಾರದೆ ಒದ್ದಾಡುತ್ತಿದ್ದ ಮಾತನ್ನು ಯಾರೋ ನನ್ನ ಬಾಯಿಂದಲೇ ಆಡಿ ಹೋಗಿದ್ದ. ಕೋಣೆಗೆ ಮರಳಿದವನು ಬೈಕಿನ ಪೆಟ್ಟಿಗೆಯಲ್ಲಿ, ಚೀಲದಲ್ಲಿ ರೊಟ್ಟಿಯ ಗಂಟು ಹುಡುಕಿದೆ. ಸಿಗಲಿಲ್ಲ. ಸಂಜೆ ಹೆಂಡತಿಗೆ ಫೋನು ಮಾಡಿ, ಬನ್ನಿ ಎಂದೆ.

ಅವರು ಬಂದರು. ಮಾತಿನಂತೆ ಮರುವರ್ಷ ಅದೇ ಹೊಲಕ್ಕೆ ಹೋದೆವು. ಈಗ ಚುಕ್ಕಿ ನನಗಿಂತ ಚೆನ್ನಾಗಿ ಅಲ್ಲಿಯ ಮಾತಾಡುತ್ತಾಳೆ, ನನ್ನನ್ನೇ ತಿದ್ದುತ್ತಾಳೆ. ಕೋಟೆಯ ಬಳಿಯ ಮುದುಕರನ್ನು ಆಮೇಲೊಮ್ಮೆ ಕೇಳಿದ್ದೆ; ಅವರಿಗೆ ಏನೂ ನೆನಪಿರಲಿಲ್ಲ. ಹೆಂಡತಿ ಇಡೀ ಕಥೆ ಕೇಳಿ, ಹಸಿವಿಗೆ ತಲೆ ತಿರುಗಿರಬೇಕು ಎಂದಳು. ಇರಬಹುದು. ಆದರೆ ಆ ತಟ್ಟೆ?

ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ಪ್ರತಿ ಎಳ್ಳಮಾವಾಸ್ಯೆಗೆ ಈಗ ಬೆಳಿಗ್ಗೆಯೇ ಆ ಹೊಲಕ್ಕೆ ಹೋಗಿ, ಸಾವಕಾಶ ಕೂತು ಉಣ್ಣುತ್ತೇನೆ. ಏಳುವಾಗ ಕಾಶೆಮ್ಮನಿಗೆ ತಪ್ಪದೆ ಒಂದು ಮಾತು ಹೇಳಿ ಬರುತ್ತೇನೆ: ನಾನು ಹೋದ ಮೇಲೆ ನನ್ನಂಥವನೊಬ್ಬ ಅವಸರದಲ್ಲಿ ಬಂದು ನೀರು ಕೇಳಿದರೆ, ಹಾಗೇ ಕಳಿಸಬೇಡಿ, ಕೂರಿಸಿ ಉಣ್ಣಿಸಿ.